ತಂಬೂರಿಯ ಮೇಲಿದ್ದ ಬೆರಳು

"ಹತ್ತರಲ್ಲಿ ಐದು, ಮೇಡಂ."

ಗೌರೀಶಂಕರ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ಹೊಡೆದು, ಮುಖದ ತುಂಬ ನಗು ಹರವಿಕೊಂಡು ಹೇಳಿದ. "ನಾಣ್ಯ ಚಿಮ್ಮಿ ಹೇಳಿದ್ರೂ ಇಷ್ಟೇ ಬರ್ತಿತ್ತು. ಸುಮ್ನೆ ನನ್ನ ಹೆಡ್‌ಫೋನ್ ಬಿಸಿ ಮಾಡಿದ್ರಿ."

ಮಧುಮತಿ ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅನ್ನಬೇಕು. ಕಿವಿಯ ತುದಿಯಲ್ಲಿ ಹೊತ್ತಿಕೊಂಡ ಉರಿ ಕತ್ತಿನವರೆಗೂ ಇಳಿಯುತ್ತಿತ್ತು. ಹದಿಮೂರು ವರ್ಷದಿಂದ ಅವಳಿಗೆ ಅನ್ನ ಹಾಕಿದ್ದು ಇವೇ ಎರಡು ಕಿವಿಗಳು. ಗಂಡ ಹೆಂಡತಿಯ ಮೇಲೆ, ತಮ್ಮ ಅಣ್ಣನ ಮೇಲೆ ಕೋರ್ಟಿಗೆ ಹೊತ್ತು ತರುವ ಫೋನ್ ರೆಕಾರ್ಡಿಂಗುಗಳನ್ನು ಕೇಳಿ, ಇದು ಕತ್ತರಿಸಿದ್ದು, ಇದು ಅಂಟಿಸಿದ್ದು ಎಂದು ಬರೆದು ಸಹಿ ಹಾಕುವುದು ಅವಳ ಕಸುಬು. ಆ ಸಹಿಯನ್ನು ಇವತ್ತಿನವರೆಗೆ ಯಾವ ವಕೀಲನೂ ಅಲ್ಲಾಡಿಸಿರಲಿಲ್ಲ.

ಈಗ ನೋಡಿ, ಜೆ.ಪಿ. ನಗರದ ಒಂದು ನೆಲಮಾಳಿಗೆಯ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ, ಮಧ್ಯಾಹ್ನ ಮೂರೂವರೆಗೆ, ಈ ಮನುಷ್ಯ ಹತ್ತು ತುಣುಕು ಹಾಡು ಕೇಳಿಸಿ, ಇವುಗಳಲ್ಲಿ ಕಂಪ್ಯೂಟರು ಶ್ರುತಿ ತಿದ್ದಿದ್ದು ಯಾವುವು, ಗಂಟಲಿನಿಂದ ಬಂದ ಹಾಗೇ ಬಿಟ್ಟಿದ್ದು ಯಾವುವು ಹೇಳಿ ಅಂದಿದ್ದ. ಅವಳು ಕಣ್ಣು ಮುಚ್ಚಿ ಹೇಳಿದ್ದಳು. ಅರ್ಧಕ್ಕರ್ಧ ತಪ್ಪು.

ಮೇಲಿನ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಯಾರದೋ ದವಡೆ ಕೊರೆಯುವ ಸದ್ದು ಗುಂಯ್ ಎಂದು ಗೋಡೆಯೊಳಗಿಂದ ಇಳಿಯಿತು. ಅವಳಿಗೆ ತನ್ನದೇ ಹಲ್ಲು ಜುಂ ಎಂದಂತಾಯಿತು.

"ಮೇಡಂ, ನೀವು ಬೇಜಾರು ಮಾಡ್ಕೋಬೇಡಿ," ಎಂದ ಗೌರೀಶಂಕರ. "ನಿಮ್ಗೆ ಮಾತ್ರ ಅಲ್ಲ, ಯಾರಿಗೂ ಕೇಳ್ಸಲ್ಲ. ನಲವತ್ತು ವರ್ಷ ಕಛೇರಿ ಕೇಳಿದೋರಿಗೂ ಕೇಳ್ಸಲ್ಲ. ಬಸವಲಿಂಗಮ್ಮೋರ ಆ ಹನ್ನೆರಡು ನಿಮಿಷ ಆನ್‌ಲೈನಲ್ಲಿ ಬಿಟ್ವಲ್ಲ, ಪೇಪರಲ್ಲಿ ಒಬ್ರು ಏನ್ ಬರೆದ್ರು ಗೊತ್ತಾ? ಎಪ್ಪತ್ತೆಂಟರ ಕಂಠದಲ್ಲಿ ಇಪ್ಪತ್ತೆಂಟರ ಕಸುವು ಅಂತ."

"ಇಪ್ಪತ್ತೆಂಟಲ್ರೀ. ಇಪ್ಪತ್ತೊಂಬತ್ತು."

ಮಾತು ಬಂದದ್ದು ಬಾಗಿಲ ಪಕ್ಕದ ಸ್ಟೂಲಿನಿಂದ. ಅಲ್ಲಿ ಶರಣಮ್ಮ ಕೂತಿದ್ದಳು, ಈ ಕೇಸು ಮಧುಮತಿಗೆ ತಂದವಳು. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಅರ್ಧ ದಿನ ರಜೆ ಹಾಕಿ, ಬಿ.ಟಿ.ಎಂ. ಲೇಔಟಿನಿಂದ ಎರಡು ಬಸ್ಸು ಬದಲಿಸಿ ಬಂದವಳು ಇಷ್ಟು ಹೊತ್ತೂ ತುಟಿ ಪಿಟಕ್ಕೆನ್ನದೆ ಕೂತಿದ್ದಳು.

"ಆ ಕಂಠಕ್ಕ ಇಪ್ಪತ್ತೊಂಬತ್ತ ವರ್ಷ. ನಂದು ಅದು."

ಈ ಎರಡು ಮಾತು ಹೊರಗೆ ಆಡಿದ್ದಕ್ಕೇ ಅವಳ ಬದುಕು ಹದಿನೈದು ದಿನದಲ್ಲಿ ತಲೆಕೆಳಗಾಗಿತ್ತು. ಗುರು ಬಸವಲಿಂಗಮ್ಮ ತೀರಿಕೊಂಡು ನಾಲ್ಕು ತಿಂಗಳು. ಅವರ ಕಡೆಯ ಬೈಠಕ್ಕಿನ ರೆಕಾರ್ಡಿಂಗು ನಾಳೆ ಹನ್ನೊಂದಕ್ಕೆ ಜಯನಗರದಲ್ಲಿ ಬಿಡುಗಡೆಯಾಗಬೇಕು. ಅದರ ಕೊನೆಯ ಹನ್ನೆರಡು ನಿಮಿಷ ಗುರುವಿನ ದನಿಯಲ್ಲ, ನನ್ನದು ಎಂದು ಶಿಷ್ಯೆ ಹೇಳಿದಳು. ಗುರುವಿನ ಮಗ ಸೋಮನಾಥ ಫೋನಿನ ಮುಂದೆ ಕೂತು, ಸತ್ತ ತಾಯಿಯ ಹೆಸರಿಗೆ ಕೈ ಹಾಕಿದ ಸುಳ್ಳಿ ಎಂದು ಅವಳ ಹೆಸರು ಹಿಡಿದು ಬೈದು, ಆ ವಿಡಿಯೋವನ್ನು ಊರಿಗೆಲ್ಲ ಹಂಚಿದ. ಅವಳ ಹತ್ತಿರ ಹಾಡು ಕಲಿಯುತ್ತಿದ್ದ ಹದಿನಾಲ್ಕು ಮಕ್ಕಳಲ್ಲಿ ಈಗ ಉಳಿದದ್ದು ಎರಡು. ನಾಳೆ ಆ ಹಾಡು ಗುರುವಿನ ಹೆಸರಿನಲ್ಲಿ ಹೊರಬಿದ್ದರೆ, ಅವಳು ಎಲ್ಲಿ ಬಾಯಿ ತೆರೆದರೂ ಜನ ಆ ವಿಡಿಯೋವನ್ನೇ ತೆರೆಯುವರು.

"ಅಮ್ಮಾ ತಾಯಿ," ಗೌರೀಶಂಕರ ಕೈ ಮುಗಿದ. "ಪ್ರೂಫ್ ಎಲ್ಲಿ? ನಿಮ್ ಮೇಡಮ್ಮೇ ಫೇಲಾದ್ರಲ್ಲ. ಹೌದು, ಶ್ರುತಿ ತಿದ್ದಿದೀನಿ. ಇಲ್ಲ ಅಂದ್ನಾ? ಯಾರು ತಿದ್ಸಲ್ಲ ಹೇಳಿ? ದೊಡ್ಡ ದೊಡ್ಡೋರೇ ಬಂದು ಇದೇ ಕುರ್ಚೀಲಿ ಕೂತು, 'ಗೌರೀಶ, ಆ ಗಾಂಧಾರ ಒಂಚೂರು ಎತ್ತಪ್ಪಾ' ಅಂತಾರೆ. ಎತ್ತಿ ಕೊಡ್ತೀನಿ. ಕೇಳೋರ ಕಿವಿಗೆ ಗೊತ್ತಾಗದ ಮೇಲೆ ಅದ್ರಲ್ಲಿ ತಪ್ಪೇನು?"

"ಹಾಲಿಗೆ ನೀರು ಬೆರೆಸೋನೂ ಇದನ್ನೇ ಹೇಳ್ತಾನೆ," ಎಂದಳು ಮಧುಮತಿ. ಅವಳ ಸ್ವರ ಅವಳಿಗೇ ಒರಟಾಗಿ ಕೇಳಿಸಿತು.

"ನೀರಲ್ಲ ಮೇಡಂ, ಸಕ್ಕರೆ."

"ಸಕ್ಕರೆ ಕಾಯ್ಲೆ ಬಂದೋರನ್ನ ಕೇಳಿ ನೋಡಿ!"

ಜಗಳ ಹೀಗೇ ಎತ್ತಲೋ ಹೋಗುತ್ತಿತ್ತೇನೋ. ಅಷ್ಟರಲ್ಲಿ ಶರಣಮ್ಮ ಎದ್ದು ಬಂದು, ಮಧುಮತಿ ಕುಕ್ಕಿಟ್ಟಿದ್ದ ಹೆಡ್‌ಫೋನನ್ನು ತಲೆಗೆ ಏರಿಸಿಕೊಂಡಳು.

"ಪೂರಾ ಹಾಡು ಹಚ್ರಿ. ಮೊದಲಿನಿಂದ."

"ನೂರು ಸಲ ಕೇಳಿರ್ತೀರಲ್ಲಮ್ಮ?"

"ಫೋನಿನ್ಯಾಗ ಕೇಳೀನಿ, ಅದೂ ಆ ಹನ್ನೆರಡೇ ನಿಮಿಷ. ನನ್ನ ದನಿ ನನ್ನ ಕೈಯಾಗಿಂದ ಕಸಗೊಂಡ್ರಲ್ಲ ಅಂತ ಸಿಟ್ಟಿನ್ಯಾಗ ಬರೇ ದನಿ ಕೇಳೀನಿ. ಹಚ್ರಿ ನೀವು."

ಅವನು ಭುಜ ಕುಣಿಸಿ ಗುಂಡಿ ಒತ್ತಿದ. ಸ್ಪೀಕರನ್ನೂ ಸಣ್ಣಗೆ ತೆರೆದ. ಭೀಮಪಲಾಸ್ ರಾಗ ಶುರುವಾಯಿತು. ಚಿಕ್ಕಲಸಂದ್ರದ ಗುರುವಿನ ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಮೈಕು ಇಟ್ಟು ಹಿಡಿದ ಸದ್ದು. ಮುದುಕಿಯ ಒಣಗಿದ, ಆದರೂ ಬಿರುಕಿನಲ್ಲಿ ಬೆಳಕಿದ್ದ ದನಿ. ಹಿಂದೆ ತಂಬೂರಿ, ದೂರದ ಬಾವಿಯಲ್ಲಿ ನೀರು ತುಳುಕುವ ಹಾಗೆ.

ಶರಣಮ್ಮ ಕಣ್ಣು ಮುಚ್ಚಿದಳು. ಬಲಗೈ ತಾನಾಗಿಯೇ ಮಂಡಿಯ ಮೇಲೆ ಬಂದು ಕೂತಿತು. ನಡುಬೆರಳು ಒಮ್ಮೆ, ತೋರುಬೆರಳು ಮೂರು ಸಲ. ನಡುಬೆರಳು, ತೋರುಬೆರಳು, ತೋರುಬೆರಳು, ತೋರುಬೆರಳು. ಎಂಟು ವರ್ಷ ಗುರುವಿನ ಬೆನ್ನ ಹಿಂದೆ ಕೂತು ತಂಬೂರಿಯ ನಾಲ್ಕು ತಂತಿ ಮೀಟಿದ ಬೆರಳುಗಳು, ಈಗ ಚೂಡಿದಾರದ ಬಟ್ಟೆಯ ಮೇಲೆ ಅದೇ ಲೆಕ್ಕದಲ್ಲಿ ನಡೆಯತೊಡಗಿದವು.

ಹತ್ತು ನಿಮಿಷ ಹೋಯಿತು. ಇಪ್ಪತ್ತು ಹೋಯಿತು. ಗೌರೀಶಂಕರ ಮೊಬೈಲು ನೋಡುತ್ತಿದ್ದ. ಮಧುಮತಿಗೆ ಮಾತ್ರ ಆ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ.

ಮೂವತ್ತೊಂದನೇ ನಿಮಿಷ. ಹಾಡು ಚುರುಕಾಯಿತು. ದನಿ ಮೇಲಕ್ಕೆ ಹಾರಿ ತಾರ ಷಡ್ಜದಲ್ಲಿ ನಿಂತಿತು, ಕೂದಲೆಳೆಯಷ್ಟೂ ಅಲುಗದೆ.

ಮಂಡಿಯ ಮೇಲಿನ ಬೆರಳುಗಳು ಎಡವಿದವು.

ಮತ್ತೆ ಶುರುಮಾಡಿದವು. ಮತ್ತೆ ಎಡವಿದವು. ನಡುಬೆರಳು ಎದ್ದು ಗಾಳಿಯಲ್ಲಿಯೇ ನಿಂತಿತು, ಯಾರಿಗೋ ಕಾಯುವ ಹಾಗೆ.

ಶರಣಮ್ಮ ಕಣ್ಣು ತೆರೆದಳು. ಆ ಕಣ್ಣುಗಳಲ್ಲಿ ಇಷ್ಟು ದಿನ ಅಳು ಮಾತ್ರ ಇತ್ತು. ಈಗ ಅಲ್ಲಿದ್ದದ್ದನ್ನು ನೋಡಿ ಮಧುಮತಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಕ್ಕಾ, ದನಿ ಬಿಡ್ರಿ. ದನೀನ ಇವರು ತೊಳದು ಇಸ್ತ್ರಿ ಮಾಡಿ ಇಟ್ಟಾರ, ಅದರಾಗ ನಿಮಗ ಏನೂ ಸಿಗಂಗಿಲ್ಲ. ಹಿಂದಿಂದು ಕೇಳ್ರಿ. ತಂಬೂರಿ ಮೀಟಾಕತ್ತಿದ್ದು ಯಾರು?"

"ನೀವೇ ಅಲ್ವಾ?"

"ಮೂವತ್ತ ನಿಮಿಷದ ಮಟ ನಾನು. ಆಮ್ಯಾಲೆ ಗುರುಗಳು, ಅವ್ವಾರು."

ಗೌರೀಶಂಕರನ ಕುರ್ಚಿ ಕಿರುಗುಟ್ಟಿತು.

"ಅವ್ವಾರ ನಡುಬೆರಳು ಕಬ್ಬಿಣದ ಗೇಟಿನ್ಯಾಗ ಸಿಕ್ಕು ಜಜ್ಜಿ ಹೋಗಿತ್ರಿ, ನಾನು ಅಲ್ಲಿಗೆ ಹೋಗೂಕಿಂತ ಮೊದಲ. ಅದು ಮಡಚತಿದ್ದಿಲ್ಲ. ನಾಲ್ಕೂ ತಂತಿ ತೋರುಬೆರಳಿಲೇ ಮೀಟವ್ರು. ನಾಲ್ಕನೇ ತಂತಿ ಮುಗಿಸಿ ಅದೇ ಬೆರಳು ಮತ್ತ ಒಂದನೇ ತಂತಿಗೆ ವಾಪಸ್ ಬರಬೇಕಲ್ರೀ? ಅಷ್ಟು ತಡಾ ಆಗತೈತಿ. ಕುಂಟಿದಂಗ. ನಾನು ಎಷ್ಟ ಸಲ ನಕ್ಕು ಬೈಸಿಕೊಂಡೀನಿ."

ಮಧುಮತಿ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. "ಏಯ್ ಮೇಡಂ" ಎಂದವನ ಕೈಯನ್ನು ಮೊಣಕೈಯಿಂದ ಆಚೆ ನೂಕಿದಳು. ಪರದೆಯ ಮೇಲೆ ಹಾಡು ಬೆಟ್ಟಸಾಲಿನಂತೆ ಮಲಗಿತ್ತು. ಎರಡು ದಿನ ಅವಳೂ ಆ ಬೆಟ್ಟಗಳ ತುದಿಯನ್ನೇ ಹುಡುಕಿ ಕಣ್ಣು ನೋಯಿಸಿಕೊಂಡಿದ್ದಳು. ಈಗ ಬುಡಕ್ಕೆ ಇಳಿದಳು, ದನಿ ಉಸಿರು ಎಳೆದುಕೊಳ್ಳುವ ಸಂದಿಗಳಿಗೆ. ಅಲ್ಲಿ ತಂಬೂರಿಯ ಸಣ್ಣ ಗುಡ್ಡೆಗಳು, ನಾಲ್ಕು ನಾಲ್ಕಾಗಿ. ಮೊದಲ ಮೂವತ್ತು ನಿಮಿಷ ಒಂದರಿಂದ ಒಂದಕ್ಕೆ ಸಮ ಅಂತರ. ಕೊನೆಯ ಹನ್ನೆರಡರಲ್ಲಿ ಪ್ರತಿ ನಾಲ್ಕರ ನಂತರ ಒಂದು ಖಾಲಿ, ಉಳಿದದ್ದಕ್ಕಿಂತ ಒಂದೂವರೆ ಪಟ್ಟು. ಒಂದು ಸಲವಲ್ಲ, ಹತ್ತು ಸಲವಲ್ಲ, ಕೊನೆಯವರೆಗೂ.

ಅಜ್ಜಿಯರು ಹೇಳುತ್ತಾರಲ್ಲ, ರಾಕ್ಷಸನನ್ನು ಎಷ್ಟು ಕಡಿದರೂ ಸಾಯುವುದಿಲ್ಲ, ಅವನ ಪ್ರಾಣ ಏಳು ಸಮುದ್ರದ ಆಚೆ ಗಿಣಿಯೊಳಗೆ ಇರುತ್ತದೆ ಎಂದು. ಗೌರೀಶಂಕರ ರಾಕ್ಷಸನಿಗೆ ಮೈ ತುಂಬ ಕವಚ ತೊಡಿಸಿದ್ದ. ಗಿಣಿಯನ್ನು ಮರೆತಿದ್ದ. ತಂಬೂರಿ ಅಂದರೆ ಅವನ ಪಾಲಿಗೆ ಹಿಂದಿನ ಸದ್ದು. ಅದಕ್ಕೂ ಒಂದು ಕೈ ಇರುತ್ತದೆ ಅನ್ನುವುದು ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನಿಗೆ ಹೊಳೆದೇ ಇರಲಿಲ್ಲ.

"ಅಳಿಸೋಕೆ ಆಗ್ಲಿಲ್ವಾ ತಂಬೂರಿನ?" ಮಧುಮತಿ ಕೇಳಿದಳು.

"ಅಳಿಸಿದ್ರೆ ಬೋಳು ಬೋಳು ಕೇಳ್ಸುತ್ತೆ…" ಎಂದವನು ನಾಲಿಗೆ ಕಚ್ಚಿಕೊಂಡ. ನಂತರ ಸಾವರಿಸಿಕೊಂಡ. "ಸರಿ ಮೇಡಂ, ಅವ್ರೇ ಮೀಟಿದ್ದು ಅಂತಿಟ್ಕೊಳಿ. ತಾವೇ ಮೀಟ್ಕೊಂಡು ತಾವೇ ಹಾಡಿರಬಾರ್ದಾ?"

ಶರಣಮ್ಮ ಅವನ ಕುರ್ಚಿಯ ಎರಡೂ ಕೈ ಹಿಡಿದು, ಅವನ ಮುಖದ ಮುಂದೆ ಮುಖ ತಂದಳು.

"ಗೌರೀಶಣ್ಣಾ, ಮೂರು ವರ್ಷ ಆ ಮನಿಗೆ ಬಂದು ಮೈಕ್ ಇಟ್ಟೀರಿ. ಚಾ ಕುಡದೀರಿ, ಗಿರ್ಮಿಟ್ ತಿಂದೀರಿ. ಒಂದು ದಿನ, ಒಂದೇ ಒಂದು ದಿನ, ಹಾಡವರು ತಂಬೂರಿ ಮುಟ್ಟಿದ್ದು ನೋಡೀರೇನು? ನಾನು ಹಾಡಿದರ ಅವ್ವಾರು ಮೀಟಬೇಕು, ಅವ್ವಾರು ಹಾಡಿದರ ನಾನು ಮೀಟಬೇಕು. ಒಬ್ಬರ ಬೆನ್ನು ಇನ್ನೊಬ್ಬರು ಕಾಯಬೇಕು ಅನ್ನೂದು ಆ ಮನಿ ಪದ್ಧತಿ. ಹೇಳ್ರಿ, ನೋಡೀರೇನು?"

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಲು ನೋಡಿದ, ಅವಳು ಬಿಡಲಿಲ್ಲ.

"ಬೆಳಗಿನ ತಾಲೀಮಿನ ಹೊತ್ತಿಗೆ ಮೈಕ್ ಬಂದ್ ಮಾಡ್ರಿ ಅಂದ್ರ, 'ಇರ್ಲಿ ಬಿಡಮ್ಮ, ಲೆವೆಲ್ ನೋಡ್ತಿದೀನಿ' ಅಂತಿದ್ರಿ. ಆವಾಗ ಹಿಡದದ್ದು ಇದು. ಹೌದಿಲ್ಲೋ?"

"ಆ ತಾಲೀಮಿನ ಫೈಲ್ ತೆಗೀರಿ," ಎಂದಳು ಮಧುಮತಿ. "ಇವಳ ತಿದ್ದದ ದನಿ, ಅದರ ಹಿಂದೆ ಇದೇ ಕುಂಟು ತಂಬೂರಿ. ಎರಡನ್ನೂ ಒಂದರ ಮೇಲೊಂದು ಇಟ್ರೆ ಗುಡ್ಡೆಗೆ ಗುಡ್ಡೆ ಕೂತ್ಕೊಳುತ್ತೆ. ತೆಗೀರಿ, ಇಲ್ಲಾಂದ್ರೆ ಈ ಡಬ್ಬಾನ ನಾಳೆ ಪೊಲೀಸ್ನೋರು ಬಂದು ಹೊತ್ಕೊಂಡು ಹೋಗ್ತಾರೆ."

"ಇಲ್ಲ ಮೇಡಂ."

"ತೆಗೀರಿ ಅಂದ್ನಲ್ಲ!"

"ಇಲ್ಲ. ಅಳಿಸ್ಬಿಟ್ಟೆ." ಅವನ ನಗು ಎಲ್ಲಿ ಹೋಯಿತೋ. ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು. "ಹೌದು, ಇವ್ಳದೇ ದನಿ. ಶ್ರುತಿ ಒಂಚೂರು ಇಳಿಸ್ದೆ. ಒಂಚೂರು ವಯಸ್ಸು ಹಚ್ಚಿದೆ. ನಾನು ಮಾಡ್ದೆ. ಆದ್ರೆ ಕಳ್ಳ ನಾನಲ್ಲ."

"ಇನ್ಯಾರು? ಸೋಮನಾಥನಾ?"

ಅವನು ಶರಣಮ್ಮನನ್ನೊಮ್ಮೆ ನೋಡಿದ. ಆ ನೋಟ ಮಧುಮತಿಗೆ ಹಿಡಿಸಲಿಲ್ಲ. ಅದರಲ್ಲಿ ಹೆದರಿಕೆ ಇರಲಿಲ್ಲ, ಕನಿಕರ ಇತ್ತು.

"ಸೋಮನಾಥ್ ಫೋನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಬಸವಲಿಂಗಮ್ಮೋರು ತೀರ್ಕೊಳೋ ಎಂಟು ದಿನದ ಮುಂಚೆ. ಯಾರಿಗೂ ಕೇಳಿಸ್ಬಾರ್ದು ಅಂದ್ಕೊಂಡಿದ್ದೆ. ನಿಮಗೆ ಇದೇ ಬೇಕಲ್ಲ? ತಗೊಳಿ."

ಅವನು ಫೋನನ್ನು ಮೇಜಿನ ನಡುವೆ ಇಟ್ಟು ಬೆರಳಿನಿಂದ ತಟ್ಟಿದ.

ಮೊದಲು ಉಬ್ಬಸ. ನಂತರ ದನಿ.

"ಗೌರೀಶಾ, ನನ್ನ ಹಾಡು ನಾನ ಕೇಳಿದೆನೋ. ಮ್ಯಾಲ ಹೋದಲ್ಲೆ ಎಲ್ಲಾ ಹರದು ಹೋಗೇತಿ. ಮುದುಕಿ ಕೂಗಿದಂಗ ಆಗೇತಿ. ಶರಣಿ…"

ಮಧುಮತಿ ಆ ಕ್ಷಣ ಫೋನನ್ನು ನೋಡುತ್ತಿರಲಿಲ್ಲ, ಶರಣಮ್ಮನನ್ನು ನೋಡುತ್ತಿದ್ದಳು. ಹೆಸರು ಬಿದ್ದದ್ದೇ ತಡ, ಆ ಹುಡುಗಿಯ ಬೆನ್ನು ನೆಟ್ಟಗಾಯಿತು. ಕೈ ತಾನಾಗಿಯೇ ಹೋಗಿ ದುಪಟ್ಟಾದ ಸೆರಗನ್ನು ಸರಿಮಾಡಿಕೊಂಡಿತು. ತುಟಿಗಳು ಸದ್ದಿಲ್ಲದೆ "ಬಂದೆ" ಎಂದವು.

"…ಶರಣಿ ತಾಲೀಮಿನ್ಯಾಗ ಹಾಡಿದ್ದು ನಿನ್ನ ಕಡೆ ಐತೆಲ್ಲ, ಅದನ್ನ ತಗದು ಇಲ್ಲಿ ಹಚ್ಚು. ನನ್ನ ದನಿಯಂಗ ಮಾಡು, ನಿನಗ ಬರತೈತಿ ಅದು. ಆಕಿಗೆ ಹೇಳಬ್ಯಾಡ. ಆಕಿಗೆ ಇನ್ನಾ ನಲವತ್ತ ವರ್ಷ ಐತಿ, ಬೇಕಾದಷ್ಟ ಹಾಡ್ಕೋತಾಳ. ನನಗ ಇದೊಂದ ಐತಿ." ಮತ್ತೆ ಉಬ್ಬಸ. "ಸೋಮ್ಯಾ, ಒತ್ತಿದ್ಯೇನೋ? ಎಲ್ಲಿ ಒತ್ತಬೇಕಿದು?"

ಮುಗಿಯಿತು.

ಮಧುಮತಿಯ ಕೈ ಆಗಲೇ ಫೋನಿನ ಕಡೆ ಚಾಚಿತ್ತು. ಇದೇ ಬೇಕಾಗಿದ್ದದ್ದು! ಗುರುವಿನ ಬಾಯಿಂದಲೇ ಬಂದ ಸಾಕ್ಷಿ. ಶರಣಮ್ಮ ಹೇಳಿದ್ದು ಅಕ್ಷರಶಃ ನಿಜ. ನಾಳೆ ಹನ್ನೊಂದಕ್ಕೆ ಆ ವೇದಿಕೆಯ ಮೇಲೆ ಇದನ್ನು ಹಾಕಿದರೆ ಸಾಕು, ಬೈದ ಬಾಯಿಗಳೆಲ್ಲ ಮುಚ್ಚುತ್ತವೆ, ಬಿಟ್ಟು ಹೋದ ಹನ್ನೆರಡು ಮಕ್ಕಳೂ ವಾಪಸ್ಸು ಬರುತ್ತಾರೆ.

"ಇದನ್ನ ನನಗೆ ಕಳಿಸಿ," ಎಂದಳು. "ಈಗಲೇ."

"ಬ್ಯಾಡ."

ಶರಣಮ್ಮ ಅಂದದ್ದು ಎಷ್ಟು ಮೆಲ್ಲಗೆ ಅಂದರೆ, ಗೌರೀಶಂಕರ "ಏನಮ್ಮ?" ಎಂದು ಮುಂದಕ್ಕೆ ಬಾಗಿದ.

"ಅದು ಅವ್ವಾರ ದನಿ ಅಲ್ಲ."

"ಏನ್ ಹೇಳ್ತಿದೀರಿ ಶರಣಮ್ಮ?"

"ಅವ್ವಾರ ದನಿ ಅಲ್ರೀ ಅದು! ಮಷೀನ್ ಮಾಡಿದ್ದು. ನನ್ನ ದನಿಗೆ ವಯಸ್ಸು ಹಚ್ಚಿದವರಿಗೆ ಇದೇನು ದೊಡ್ಡ ಕೆಲಸ? ಎಂಟು ವರ್ಷ ಆಕಿ ಕಾಲಬುಡಕ್ಕ ಕುಂತಾಕಿ ನಾನು. ನನಗ ಗೊತ್ತಾಗಂಗಿಲ್ಲೇನು?" ಕೊರಳಿನ ನರ ಉಬ್ಬಿತ್ತು. ಕಣ್ಣಲ್ಲಿ ನೀರಿಲ್ಲ, ಕಿಡಿ. "ಆಕಿ ಹಂಗ ಮಾಡಾಕಿ ಅಲ್ಲ. ಆಕಿ ಕದಿಯಾಕಿ ಅಲ್ಲ!"

ಮಧುಮತಿಗೆ ಸಿಟ್ಟು ನೆತ್ತಿಗೇರಿತು. ಹದಿಮೂರು ವರ್ಷದಲ್ಲಿ ಎಷ್ಟೋ ಸುಳ್ಳು ಕೇಳಿದ್ದಳು. ದುಡ್ಡಿಗೆ ಹೇಳಿದ್ದು, ದ್ವೇಷಕ್ಕೆ ಹೇಳಿದ್ದು, ಹೆದರಿ ಹೇಳಿದ್ದು. ತನ್ನ ಕೈಗೆ ಬಂದ ಗೆಲುವನ್ನು ತಾನೇ ಚರಂಡಿಗೆ ಎಸೆಯಲು ಸುಳ್ಳು ಹೇಳುವವರನ್ನು ನೋಡುತ್ತಿರುವುದು ಇದೇ ಮೊದಲು.

"ನಿಮ್ಮ ಹೆಸರು ಉಳಿಯೋಕೆ ಇರೋದು ಇದೊಂದೇ ದಾರಿ, ತಿಳೀತಾ? ಹುಚ್ಚು ಹಿಡಿದಿದ್ಯಾ ನಿಮಗೆ?"

"ಬರೀರಿ ಅಕ್ಕಾ." ಶರಣಮ್ಮ ಮಧುಮತಿಯ ಚೀಲಕ್ಕೇ ಕೈ ಹಾಕಿ ಕಚೇರಿಯ ಕಾಗದ ಎಳೆದು ಮೇಜಿನ ಮೇಲೆ ಇಟ್ಟಳು. ಪೆನ್ನು ಅದರ ಮೇಲೆ ಬಿತ್ತು. "ತಂಬೂರಿ ಸಾಕ್ಷಿ ಐತಿ, ಹಾಡು ನಂದು ಅಂತ ಬರೀರಿ. ಈ ಫೋನಿನ ದನಿ ಖೊಟ್ಟಿ ಅಂತ ಬರೀರಿ. ಸಹಿ ಹಾಕ್ರಿ."

ಬರೆಯಬಹುದಿತ್ತು. ಅದೇ ಭಯಂಕರ. ಒಂದು ಗಂಟೆಯ ಹಿಂದೆ ಹತ್ತು ತುಣುಕಿನಲ್ಲಿ ಐದನ್ನು ತಪ್ಪು ಹೇಳಿದ ಕಿವಿ ಇದು. ಆ ಫೋನಿನ ದನಿ ನಿಜವೋ ಸುಳ್ಳೋ ಎಂದು ಆಣೆ ಇಟ್ಟು ಕೇಳಿದರೆ, ಕಿವಿಯನ್ನು ನಂಬಿ ಹೇಳಲು ಅವಳಿಗೆ ಈಗ ಧೈರ್ಯವಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ನೆಟ್ಟಗಾದ ಆ ಬೆನ್ನು. ಅದನ್ನು ಯಾವ ಕಾಗದದ ಮೇಲೆ ಬರೆಯುವುದು?

ಗೌರೀಶಂಕರ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

"ಬರೀರಿ ಮೇಡಂ, ನಂಗೇನು. ಆದ್ರೆ ಮುಂದಿಂದು ನೋಡ್ಕೊಳಿ. ಇದು ಖೊಟ್ಟಿ ಅಂದ್ರೆ ಇದನ್ನ ಮಾಡಿದ್ಯಾರು ಅಂತ ಕೇಳ್ತಾರೆ. ಬಂದಿರೋದು ಸೋಮನಾಥ್ ನಂಬರಿಂದ. ಅಮ್ಮ ಹೇಳಿದ್ರು ಅಂತ ಗುಂಡಿ ಒತ್ತಿದ್ದು, ಅಮ್ಮನ ಮಾನ ಉಳಿಸ್ಬೇಕು ಅಂತ ಇವ್ಳನ್ನ ಬೈದಿದ್ದು, ಅಷ್ಟೇ ಅವ್ನು ಮಾಡಿರೋದು. ನಿಮ್ಮ ಒಂದು ಸಹಿಗೆ ಅವ್ನು ಒಳಗೆ ಹೋಗ್ತಾನೆ. ಸತ್ತ ತಾಯಿ ದನಿ ಸೃಷ್ಟಿ ಮಾಡಿದ ಮಗ ಅಂತ."

ಮಧುಮತಿ ಶರಣಮ್ಮನ ಕಡೆ ತಿರುಗಿದಳು. ಬೇಡ ಅನ್ನು, ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಒಂದು ಸಲ ಬೇಡ ಅನ್ನು, ಸಾಕು.

ಶರಣಮ್ಮ ಪೆನ್ನಿನ ಮುಚ್ಚಳ ತೆಗೆದು, ಅದನ್ನು ಮಧುಮತಿಯ ಬೆರಳುಗಳ ನಡುವೆ ಇಟ್ಟು, ಮೇಲಿಂದ ತನ್ನ ಕೈ ಮುಚ್ಚಿ ಹಿಡಿದಳು.

"ಒಳಗ ಹೋಗ್ಲಿ," ಅಂದಳು.